ಜಪಾನಿ ಸ್ವೀಟ್‌ಗಳ ಆಕಾರಕ್ಕೆಲ್ಲ ಅರ್ಥ ಇದ್ಯಾ, ಇಲ್ಲಾ ಸುಮ್ನೆ ಚಂದಕ್ಕಾ?

ಕಡ್ಲೆಪುರಿ:

ನಮಸ್ಕಾರ ಎಲ್ರಿಗೂ. ಕೆಲಸದ ಮೇಲೆ ಕ್ಯೋಟೋಗೆ ಬಂದಿದೀನಿ, ಭಾಷೆ ಇನ್ನೂ ಅರ್ಧಂಬರ್ಧ, ಅದಕ್ಕೇ ಇಲ್ಲಿ ಕೇಳ್ತಿದೀನಿ ಗೊತ್ತಿರೋರು ಹೇಳಿ. ಜೂನ್ ಕೊನೆ ಹತ್ರ ಬರ್ತಿದ್ದಂಗೆ ಇಲ್ಲಿ ಯಾವ ಸ್ವೀಟ್ ಅಂಗಡಿ ನೋಡಿದ್ರೂ ಒಂದೇ ಐಟಂ, ಬಿಳೀ ತ್ರಿಕೋನ, ಮೇಲೆ ಬೆಂದ ಕೆಂಪು ಕಾಳು ಒತ್ತಿರೋದು, ಹೆಸರು ಮಿನಾಜುಕಿ ಅಂತೆ, ಹಳೇ ಅಂಗಡಿಯಿಂದ ಹಿಡಿದು ಸೂಪರ್ ಮಾರ್ಕೆಟ್ ತನಕ ಇದೇ. ಇದೇನು ವಿಶೇಷ ಅಂತ ಕೇಳಿದ್ರೆ ಆಫೀಸಲ್ಲಿ ಪಕ್ಕದ ಸೀಟಿನವರು 'ಅದು ಐಸು' ಅಂತ ನಕ್ಕು ಸುಮ್ನಾದ್ರು. ಅದ್ರಲ್ಲಿ ಐಸ್ ಎಲ್ಲಿಂದ ಬಂತು, ಹಿಟ್ಟು ಸಕ್ಕರೆ ಕಲಸಿ ಹಬೇಲಿ ಬೇಯ್ಸಿರೋದು ಅಷ್ಟೇ!

ಆಮೇಲೆ ಅವರೇ ಒಂದು ಡಬ್ಬಿ ಸ್ವೀಟ್ ತಂದ್ಕೊಟ್ರು. ಒಂದು ಗಾಜಿನ ಥರ ಪಾರದರ್ಶಕ, ಒಳಗೆ ಎರಡು ಕೆಂಪು ಮೀನು. ಇನ್ನೊಂದು ಹಸಿರು ಎಲೆನ ಸುರುಳಿ ಸುತ್ತಿಟ್ಟ ಹಾಗೆ, ಮೇಲೆ ಸಾಸಿವೆಗಿಂತ ಸ್ವಲ್ಪ ದೊಡ್ಡದು ಒಂದು ಬಿಳಿ ಚುಕ್ಕೆ. ಮತ್ತೊಂದು ಏನೂ ಅಲ್ಲ, ನೀಲಿ ನೇರಳೆ ಬಣ್ಣದ ಉಂಡೆ. ಬಾಯಿಗೆ ಹಾಕ್ಕೊಂಡ್ರೆ ಮೀನಿನದು ಬಿಟ್ರೆ ಉಳಿದಿದ್ದೆಲ್ಲ ಹೆಚ್ಚೂಕಡಿಮೆ ಒಂದೇ ರುಚಿ, ಸಿಹಿ ಕಾಳಿನ ಹೂರಣ. ಅಷ್ಟೊಂದು ಕಷ್ಟಪಟ್ಟು ಆಕಾರ ಕೊಡೋದು ಯಾಕೆ, ಒಂದೊಂದಕ್ಕೂ ಇಂಥದ್ದೇ ಅರ್ಥ ಅಂತ ಲಿಸ್ಟ್ ಇದ್ಯಾ? ಇನ್ನೊಂದು, ನಾನು ಪ್ಯೂರ್ ವೆಜ್, ಮೊಟ್ಟೇನೂ ತಿನ್ನಲ್ಲ, ಇವನ್ನ ನಂಬಿ ತಿನ್ನಬಹುದಾ?

---

ಮಳೆಬಿಲ್ಲು_ಕ್ಯೋಟೋ:

ನಾನು ಇಲ್ಲೇ ಇರೋದು, ಟೀ ಸೆರಮನಿ ಕ್ಲಾಸಿಗೆ ಹೋಗ್ತೀನಿ, ಅಲ್ಲಿ ಸ್ವೀಟ್ ತಿನ್ನೋದೂ ಪಾಠದ ಭಾಗ ಆದ್ದರಿಂದ ಸ್ವಲ್ಪ ಹೇಳಬಲ್ಲೆ.

ನಿಮ್ಮ ಪಕ್ಕದ ಸೀಟಿನವರು ತಮಾಷೆ ಮಾಡಿಲ್ಲ, ಅದು ನಿಜವಾಗ್ಲೂ ಐಸೇ. ಹಿಂದಿನ ಕಾಲದಲ್ಲಿ ಚಳಿಗಾಲದ ಮಂಜುಗಡ್ಡೆನ ಬೆಟ್ಟದ ಕಡೆ ಹಿಮುರೋ ಅನ್ನೋ ಗುಂಡಿಮನೆಗಳಲ್ಲಿ ಹುಲ್ಲು ಮುಚ್ಚಿ ಕಾಪಾಡಿ, ಹಳೇ ಪಂಚಾಂಗದ ಆರನೇ ತಿಂಗಳ ಮೊದಲ ದಿನ ಅರಮನೆಗೆ ತಂದು ಒಪ್ಪಿಸ್ತಿದ್ರು, ಅದನ್ನ ಬಾಯಿಗೆ ಹಾಕ್ಕೊಂಡ್ರೆ ಬೇಸಿಗೆ ಕಾಯಿಲೆ ಬರಲ್ಲ ಅಂತ ನಂಬಿಕೆ. ಊರ ಜನಕ್ಕೆ ಬೇಸಿಗೇಲಿ ಐಸ್ ಎಲ್ಲಿ ಸಿಗ್ಬೇಕು? ಹಂಗಾಗಿ ಒಡೆದ ಐಸ್ ಚೂರಿನ ಆಕಾರದಲ್ಲಿ ಉಯ್ರೋ ಅನ್ನೋ ಹಬೆ ತಿಂಡಿ ಮಾಡಿ ತಿಂದ್ರು ಅಂತ ಇಲ್ಲಿಯವರು ಹೇಳೋದು. ಮೇಲಿರೋದು ಅಜುಕಿ ಕಾಳು, ಅದರ ಕೆಂಪು ಬಣ್ಣ ಕೆಟ್ಟದ್ದನ್ನ ಓಡಿಸತ್ತೆ ಅಂತ, ಶುಭ ಕಾರ್ಯಕ್ಕೆ ಇವರು ಅದೇ ಕಾಳು ಹಾಕಿ ಕೆಂಪು ಅನ್ನ ಮಾಡೋದೂ ಅದಕ್ಕೇ. ಜೂನ್ 30ಕ್ಕೆ ವರ್ಷದ ಅರ್ಧ ಮುಗೀತಲ್ಲ, ಅವತ್ತು ದೇವಸ್ಥಾನಗಳಲ್ಲಿ ಹುಲ್ಲಿನ ದೊಡ್ಡ ಬಳೆ ಕಟ್ಟಿರ್ತಾರೆ, ಅದರೊಳಗೆ ನುಗ್ಗಿ ಸುತ್ತಿ ಬಂದ್ರೆ ಆರು ತಿಂಗಳ ಕೊಳೆ ಕಳೀತು ಅಂತ ಲೆಕ್ಕ, ಮನೆಗೆ ಬಂದು ಮಿನಾಜುಕಿ ತಿಂತಾರೆ. ನೀವೂ ಹೋಗ್ಬನ್ನಿ, ಯಾರೂ ಬೇಡ ಅನ್ನಲ್ಲ.

ಇನ್ನು ಡಬ್ಬಿ ವಿಷಯ. ಮೀನಿಂದು ಸುಲಭ, ಸೆಕೆಗಾಲದಲ್ಲಿ ಕಣ್ಣಿಗೆ ತಂಪಾಗ್ಲಿ ಅಂತ, ನೀರಿನ ಥರ ಕಾಣೋ ಜೆಲ್ಲಿ. ನೀಲಿ ನೇರಳೆ ಉಂಡೆ ಖಂಡಿತ ಹೈಡ್ರೇಂಜಿಯಾ ಹೂವು, ಈ ಮಳೆಗಾಲದಲ್ಲಿ ಬೀದಿ ಬೀದೀಲಿ ಅರಳಿರೋದು ಅದೇ ಅಲ್ವಾ. ಎಲೆ ಸುರುಳಿ ನನ್ನ ಫೇವರಿಟ್ಟು. ಅದಕ್ಕೆ ಒತೊಶಿಬುಮಿ ಅಂತಾರೆ, ಅಂದ್ರೆ ದಾರೀಲಿ ಬೀಳಿಸಿ ಹೋದ ಕಾಗದ. ಒಂದು ಪುಟ್ಟ ಜೀರುಂಡೆ ಇದೆ, ಎಲೇಲಿ ಮೊಟ್ಟೆ ಇಟ್ಟು ಎಲೆನ ಚೊಕ್ಕವಾಗಿ ಸುತ್ತಿ ಬೀಳಿಸತ್ತೆ. ಬಾಯಲ್ಲಿ ಹೇಳಕ್ಕಾಗದ್ದನ್ನ ಬರೆದು ಸುತ್ತಿ, ಅವರ ಕಣ್ಣಿಗೆ ಬೀಳೋ ಕಡೆ ಬೇಕಂತ್ಲೇ ಬಿಟ್ಟು ಹೋಗೋ ಪದ್ಧತಿ ಹಿಂದೆ ಇತ್ತಲ್ಲ, ಅದನ್ನ ನೆನೆಸ್ಕೊಂಡು ಹುಳಕ್ಕೂ ಸ್ವೀಟಿಗೂ ಅದೇ ಹೆಸರು. ಬಿಳಿ ಚುಕ್ಕೆ ಕೆಲವರಿಗೆ ಇಬ್ಬನಿ, ಕೆಲವರಿಗೆ ಆ ಹುಳದ ಮೊಟ್ಟೆ. ಹುಳದ ಮೊಟ್ಟೆನ ಸ್ವೀಟ್ ಮೇಲೆ ಇಡೋ ಧೈರ್ಯ ನೋಡಿ ಇವರದ್ದು!

ಲಿಸ್ಟ್ ಇದ್ಯಾ ಅಂದ್ರಲ್ಲ, ಎರಡು ಜಾತಿ ಅಂತ ಇಟ್ಕೊಳ್ಳಿ. ಮಿನಾಜುಕಿ ಥರ ಹಬ್ಬದ್ದು ಒಂದು, ಅದಕ್ಕೆ ದಿನ ಗೊತ್ತು, ಅರ್ಥ ಗೊತ್ತು, ಯಾರನ್ನ ಕೇಳಿದ್ರೂ ಅದನ್ನೇ ಹೇಳ್ತಾರೆ. ಚಹಾದ ಜೊತೆ ಕೊಡೋದು ಇನ್ನೊಂದು, ಅದಕ್ಕೆ ಡಿಕ್ಷನರಿ ಇಲ್ಲ, ಹೆಸರು ಒಂದು ಇರತ್ತೆ, ಹೆಸರು ಕೇಳಿ ನಿಮಗೆ ಏನು ಕಂಡ್ರೆ ಅದು.

---

ಪಡುಗಡಲು:

ಹಬ್ಬದ್ದರ ಬಗ್ಗೆ ಸ್ವಲ್ಪ ನಾನು ಸೇರಿಸ್ತೇನೆ ಮಾರಾಯ್ರೆ, ನಾನು ಟೋಕಿಯೋದಲ್ಲಿ ಇದ್ದವ.

ಮಾರ್ಚ್ 3ಕ್ಕೆ ಹೆಣ್ಣುಮಕ್ಕಳ ಗೊಂಬೆ ಹಬ್ಬ, ಆಗ ಹಿಶಿ ಮೋಚಿ ಅಂತ ವಜ್ರದಾಕಾರದ್ದು (ಮೋಚಿ ಅಂದ್ರೆ ಅಂಟಕ್ಕಿಯ ಜಿಗುಟು ತಿಂಡಿ), ಮೂರು ಪದರ, ಗುಲಾಬಿ ಬಿಳಿ ಹಸಿರು. ಹಿಮ ಕರಗ್ತಾ ಉಂಟು, ಅಡಿಯಲ್ಲಿ ಹುಲ್ಲು ಚಿಗುರಿದೆ, ಮೇಲೆ ಹೂ ಬಂದಿದೆ ಅಂತ ಕೆಳಗಿಂದ ಮೇಲಕ್ಕೆ ಓದ್ಬೇಕು. ಮೇ 5ಕ್ಕೆ ಕಾಶಿವಾ ಮೋಚಿ, ಓಕ್ ಜಾತಿಯ ಎಲೆಯಲ್ಲಿ ಮಡಚಿದ್ದು. ಆ ಮರದ್ದು ಒಂದು ವಿಚಿತ್ರ, ಎಲೆ ಒಣಗಿದ್ರೂ ಉದುರುದಿಲ್ಲ, ಹೊಸ ಚಿಗುರು ಬರುವವರೆಗೆ ಕೊಂಬೆಯಲ್ಲೇ ನೇತಾಡಿಕೊಂಡು ಇರ್ತದೆ. ಮಕ್ಕಳು ಬೆಳೆದು ನಿಲ್ಲುವ ತನಕ ಹಿರಿಯರು ಹೋಗುದಿಲ್ಲ, ವಂಶ ಕಡಿಯುದಿಲ್ಲ ಅಂತ ಅರ್ಥ. ಸಮುರಾಯ್ ಮನೆಗಳಿದ್ದ ಎದೋ ಪಟ್ಟಣದಲ್ಲಿ, ಅಂದ್ರೆ ಈಗಿನ ಟೋಕಿಯೋದಲ್ಲಿ ಇದು ಹಬ್ಬಿದ್ದು ಯಾಕೆ ಅಂತ ಬೇರೆ ಹೇಳ್ಬೇಕಾ. ಕ್ಯೋಟೋ ಕಡೆ ಆ ದಿನ ಬಿದಿರೆಲೆ ಸುತ್ತಿದ ಚಿಮಾಕಿ ಜಾಸ್ತಿ. ನವೆಂಬರ್ 15ಕ್ಕೆ ಮೂರು, ಐದು, ಏಳು ವರ್ಷದ ಮಕ್ಕಳನ್ನ ದೇವಸ್ಥಾನಕ್ಕೆ ಕರ್ಕೊಂಡು ಹೋಗ್ತಾರೆ, ಆ ಮಕ್ಕಳ ಕೈಯಲ್ಲಿ ಕೊಕ್ಕರೆ ಆಮೆ ಚಿತ್ರದ ಉದ್ದ ಚೀಲ, ಅದರೊಳಗೆ ಕೆಂಪು ಬಿಳಿ ಉದ್ದ ಕ್ಯಾಂಡಿ. ಆಯುಷ್ಯ ಉದ್ದ ಇರ್ಲಿ ಅಂತ, ಅಷ್ಟೇ, ಇದಕ್ಕೆ ತಲೆ ಕೆಡಿಸ್ಕೊಳ್ಳುದು ಬೇಡ.

ಚೆರ್ರಿ ಎಲೆಯ ಸಾಕುರಾ ಮೋಚಿ ಮಾತ್ರ ಬಿಡ್ಲಿಕ್ಕೆ ಆಗುದಿಲ್ಲ. ಟೋಕಿಯೋದ ಸುಮಿದಾ ನದಿ ದಂಡೆಯಲ್ಲಿ ಚೋಮೇಜಿ ಅಂತ ದೇವಸ್ಥಾನ, ಅಲ್ಲಿ ಗೇಟು ಕಾಯ್ತಿದ್ದ ಒಬ್ಬರು ದಿನಾ ಬೀಳುವ ಚೆರ್ರಿ ಎಲೆ ಗುಡಿಸಿ ಗುಡಿಸಿ ಸಾಕಾಗಿ, ಅದನ್ನ ಉಪ್ಪಲ್ಲಿ ಹಾಕಿಟ್ಟು ಸ್ವೀಟಿಗೆ ಸುತ್ತಿದ್ರಂತೆ, 1717ರಲ್ಲಿ ಅಂತ ಆ ಅಂಗಡಿಯವರ ಲೆಕ್ಕ, ಅಂಗಡಿ ಈಗ್ಲೂ ಅಲ್ಲೇ ಉಂಟು. ಟೋಕಿಯೋದಲ್ಲಿ ತೆಳ್ಳಗೆ ಹುಯ್ದ ಹಿಟ್ಟಿನ ಹಾಳೆಯಲ್ಲಿ ಹೂರಣ ಮಡಚ್ತಾರೆ, ನಿಮ್ಮ ಕ್ಯೋಟೋ ಕಡೆ ಅಂಟಕ್ಕಿಯ ತರಿಯಲ್ಲಿ ಉಂಡೆ ಮಾಡ್ತಾರೆ, ಯಾವುದು ಅಸಲಿ ಅಂತ ಎರಡೂ ಕಡೆಯವರನ್ನ ಒಟ್ಟಿಗೆ ಕೂರಿಸಿ ಕೇಳ್ಬೇಡಿ. ಆ ಎಲೆಯ ಪರಿಮಳ ಹಸಿ ಎಲೆಯಲ್ಲಿ ಇರುದೇ ಇಲ್ಲ, ಉಪ್ಪಲ್ಲಿ ಕೂತ ಮೇಲೆ ಕೂಮರಿನ್ ಅನ್ನುವ ವಸ್ತು ಬಿಟ್ಕೊಂಡು ಬರುದು. ಎಲೆ ತಿನ್ಬೇಕಾ ತೆಗೀಬೇಕಾ ಅಂತ ಜಗಳ ಬೇರೆ, ನಾನು ತಿನ್ನುವ ಪಾರ್ಟಿ. ಕಾಶಿವಾ ಎಲೆ ಮಾತ್ರ ಬೇಡ, ಚಪ್ಪಲಿ ಜಗಿದ ಹಾಗೆ ಆಗ್ತದೆ.

---

ಡೌಟ್‌ರಾಜ:

ಓದಕ್ಕೆ ಚೆನ್ನಾಗಿದೆ ಗುರು, ಆದ್ರೆ ಇದರಲ್ಲಿ ಎಷ್ಟು ಹಳೇದು ಎಷ್ಟು ಅಂಗಡಿಯವರ ಸೇಲ್ಸ್ ಟ್ರಿಕ್ಕು ಅಂತ ಯಾರೂ ಹೇಳ್ತಾ ಇಲ್ವಲ್ಲ. ಈ ಜಪಾನಿ ಸ್ವೀಟ್‌ಗಳಿಗೆ ವಾಗಾಶಿ ಅಂತಾರಲ್ಲ, ಆ ಪದಾನೇ ಮೇಜಿ ಕಾಲದ (1868-1912) ಮೇಲೆ ಬಂದಿದ್ದು, ಪಶ್ಚಿಮದ ಕೇಕು ಬಿಸ್ಕತ್ತು ಒಳಗೆ ಬಂದ್ಮೇಲೆ ನಮ್ಮದು ಬೇರೆ ಅಂತ ತೋರ್ಸಕ್ಕೆ. ಜೂನ್ 16 ವಾಗಾಶಿ ದಿನ ಅಂತ ಬೋರ್ಡ್ ಹಾಕ್ತಾರೆ, ಅದು 1979ರಲ್ಲಿ ಸ್ವೀಟ್ ಅಂಗಡಿಗಳ ಸಂಘದವರು ಶುರು ಮಾಡಿದ್ದು, 848ರಲ್ಲಿ ಚಕ್ರವರ್ತಿ ಕಾಯಿಲೆ ಹೋಗ್ಲಿ ಅಂತ ದೇವ್ರಿಗೆ ಹದಿನಾರು ತಿಂಡಿ ಇಟ್ಟಿದ್ದ ಅನ್ನೋ ಕಥೆ ತೋರಿಸ್ತಾರೆ. ಆಗ ಸಕ್ಕರೆ ಎಲ್ಲಿತ್ತು ಅಲ್ಲಿ? ಔಷಧಿ ಲೆಕ್ಕದಲ್ಲಿ ಚೂರುಪಾರು ಚೀನಾದಿಂದ ಬರ್ತಿತ್ತು ಅಷ್ಟೇ. ಚಹಾ ಪದ್ಧತಿಗೆ ಮೂಲಪುರುಷ ಅಂತಾರಲ್ಲ ಸೆನ್ ನೋ ರಿಕ್ಯೂ, 1591ರಲ್ಲಿ ಸತ್ತಿದ್ದು, ಅವರ ಚಹಾ ಕೂಟದ ದಾಖಲೆ ನೋಡಿ, ಮೀಸೋ, ಅಂದ್ರೆ ಹುದುಗಿಸಿದ ಸೋಯಾ ಪೇಸ್ಟು, ಸವರಿದ ಗೋಧಿ ದೋಸೆ ಥರದ್ದು, ಚೆಸ್ಟ್‌ನಟ್ಟು, ಕಡಲಪಾಚಿ ಇಂಥದ್ದೇ. ಹೂವಿಲ್ಲ, ಎಲೆಯಿಲ್ಲ, ಚಂದ್ರನಿಲ್ಲ. ಈ ಕಲೆ ಎಲ್ಲ ಆಮೇಲೆ ದುಡ್ಡಿದ್ದೋರ ಶೋಕಿ.

---

ಮಳೆಬಿಲ್ಲು_ಕ್ಯೋಟೋ:

@ಡೌಟ್‌ರಾಜ ನೀವು ಹೇಳಿದ ಇಸವಿಗಳೆಲ್ಲ ಸರಿ, ಶೋಕಿ ಅನ್ನೋದೂ ಅರ್ಧ ಸರಿ. ನಾಗಾಸಾಕಿ ಬಂದರಿಗೆ ಡಚ್ಚರ, ಚೀನಿಯರ ಹಡಗಲ್ಲಿ ಸಕ್ಕರೆ ಬರಕ್ಕೆ ಶುರುವಾದ ಮೇಲೇನೇ ಇದೆಲ್ಲ ಅರಳಿದ್ದು, ಆಮೇಲೆ 18ನೇ ಶತಮಾನದಲ್ಲಿ ಆಗ ದೇಶ ಆಳ್ತಿದ್ದ ಸೇನಾಧಿಪತಿ, ಶೋಗನ್ ಯೋಶಿಮುನೆ, ದೇಶದೊಳಗೇ ಕಬ್ಬು ಬೆಳೀರಿ ಅಂತ ಹಿಂದೆ ಬಿದ್ದ, ಶಿಕೋಕು ದ್ವೀಪದಲ್ಲಿ ವಾಸಾನ್‌ಬೋನ್ ಅನ್ನೋ ನಯವಾದ ಸಕ್ಕರೆ ಬಂತು. ಅದನ್ನ ಮರದ ಅಚ್ಚಿಗೆ ಒತ್ತಿ ಮಾಡೋ ಒಣ ಸ್ವೀಟು ಹಿಗಾಶಿ, ನಮ್ಮ ಸಂಕ್ರಾಂತಿ ಸಕ್ಕರೆ ಅಚ್ಚಿನ ತಂಗಿ ಅಂದ್ಕೊಳ್ಳಿ, ಆದ್ರೆ ನಾಲಿಗೆ ಮೇಲಿಟ್ರೆ ಕಡಿಯೋ ಕೆಲ್ಸಾನೇ ಇಲ್ಲ, ಕರಗೋಗತ್ತೆ.

ಆದ್ರೆ ಹೊಸದು ಅಂದ ಮಾತ್ರಕ್ಕೆ ಬುರುಡೆ ಅಂತ ಯಾಕೆ ಅಂದ್ಕೋಬೇಕು? ತಿಂಡಿ ಹೊಸದು, ಒಳಗಿರೋ ನೆನಪು ಹಳೇದು. ಹೊಸ ವರ್ಷದ ಹಾನಾಬಿರಾ ಮೋಚಿ ತಗೊಳ್ಳಿ. ಬಿಳೀ ಮೋಚಿನ ಅರ್ಧಕ್ಕೆ ಮಡಚಿರ್ತಾರೆ, ಒಳಗಿನ ಗುಲಾಬಿ ಪದರ ಮಬ್ಬಾಗಿ ಹೊರಗೆ ಕಾಣತ್ತೆ, ಎರಡೂ ಕಡೆಯಿಂದ ಕಡ್ಡಿ ಥರ ಸಿಹಿ ಪಾಕದಲ್ಲಿ ಬೇಯ್ಸಿದ ಬರ್ಡಾಕ್ ಬೇರು ಚಾಚ್ಕೊಂಡಿರತ್ತೆ. ಸ್ವೀಟಲ್ಲಿ ಬೇರು ಯಾಕೆ ಅಂದ್ರೆ, ಹಿಂದೆ ಅರಮನೇಲಿ ಹೊಸ ವರ್ಷಕ್ಕೆ ಹಲ್ಲು ಗಟ್ಟಿಯಾಗ್ಲಿ ಆಯುಷ್ಯ ಹೆಚ್ಚಲಿ ಅಂತ ಗಟ್ಟಿ ಪದಾರ್ಥ ಕಡಿಯೋ ಶಾಸ್ತ್ರ ಇತ್ತು, ಅದರಲ್ಲಿ ಆಯು ಅನ್ನೋ ನದಿ ಮೀನೂ ಇರ್ತಿತ್ತು, ಆ ಮೀನಿನ ಜಾಗಕ್ಕೆ ಈ ಬೇರು. ಮೇಜಿ ಕಾಲದಲ್ಲಿ ಉರಾಸೆಂಕೆ ಚಹಾ ಮನೆತನದವರು ಅರಮನೆ ಅನುಮತಿ ತಗೊಂಡು ವರ್ಷದ ಮೊದಲ ಚಹಾಕ್ಕೆ ಇದನ್ನ ತಂದ್ರು. ಈಗ ಅಂಗಡೀಲೂ ಸಿಗತ್ತೆ, ಹೌದು ಮಾರ್ತಾರೆ, ಮಾರಿದ್ರೇನೀಗ.

ಇನ್ನೊಂದು, ಸೆಪ್ಟೆಂಬರ್ 9ರ ಸುಮಾರಿಗೆ ಬರೋ ಕಿಸೆವಾತಾ. ಹೇಯಾನ್ ಕಾಲದ (794-1185) ಅರಮನೆ ಹೆಂಗಸರು ಹಿಂದಿನ ರಾತ್ರಿ ಸೇವಂತಿಗೆ ಹೂವಿನ ಮೇಲೆ ಹತ್ತಿ ಮುಚ್ಚಿಡ್ತಿದ್ರು, ಬೆಳಿಗ್ಗೆ ಅದು ಇಬ್ಬನಿ ಹೀರ್ಕೊಂಡು ಹೂವಿನ ವಾಸನೆ ಹಿಡ್ಕೊಂಡಿರೋದು, ಅದರಲ್ಲಿ ಮುಖ ಮೈ ಒರೆಸ್ಕೊಂಡ್ರೆ ಮುಪ್ಪು ಬರಲ್ಲ ಅಂತ. ಸ್ವೀಟ್ ಹೇಗೆ ಅಂದ್ರೆ ಗುಲಾಬಿ ಬಣ್ಣದ ಸೇವಂತಿಗೆ, ನೆತ್ತಿ ಮೇಲೆ ಜರಡಿಗೆ ಒತ್ತಿ ತೆಗೆದ ಬಿಳಿ ಹೂರಣದ ಒಂದು ಚಿಟಿಕೆ, ಅದೇ ಹತ್ತಿ.

ಮತ್ತೆ ಕಡ್ಲೆಪುರಿಯವರು ಉಂಡೆ ಏನೂ ಅಲ್ಲ ಅಂದ್ರಲ್ಲ, ಅದು ಕಿಂಟೊನ್ ಜಾತಿ ಆಗಿದ್ರೆ ಹತ್ರದಿಂದ ನೋಡಿ, ಹೂರಣನ ಜರಡೀಲಿ ಎಳೆ ಎಳೆಯಾಗಿ ಇಳಿಸಿ ನಡುವಿನ ಉಂಡೆ ಸುತ್ತ ಚಾಪ್‌ಸ್ಟಿಕ್ ತುದೀಲಿ ಅಂಟಿಸಿರ್ತಾರೆ, ಕೈಯಲ್ಲಿ ಮುಟ್ಟಿದ್ರೆ ಅಪ್ಪಚ್ಚಿ. ವರ್ಷಪೂರ್ತಿ ಆಕಾರ ಅದೇ. ಗುಲಾಬಿ ಹಸಿರು ಎಳೆ ಬೆರೆಸಿದ್ರೆ ವಸಂತದ ಬೆಟ್ಟ, ಕೆಂಪು ಹಳದಿ ಆದ್ರೆ ಮೇಪಲ್ ಎಲೆ ಉದುರೋ ಕಾಲ, ಹಸಿರಿನ ಮೇಲೆ ಬಿಳಿ ಆದ್ರೆ ಹಿಮ ಬಿದ್ದ ಮರ. ಕ್ಯೋಟೋದವರು ಇಷ್ಟಕ್ಕೇ ನಿಲ್ಸ್ತಾರೆ, ಹೂವನ್ನ ಹೂವಿನ ಥರಾನೇ ಮಾಡಿಬಿಟ್ರೆ ನೋಡೋರಿಗೆ ಏನು ಉಳೀತು ಅಂತ ಇವರ ವಾದ, ಟೋಕಿಯೋ ಕಡೆ ದಳ ದಳಾನೂ ಬಿಡಿಸಿ ತೋರಿಸೋ ರೂಢಿ. ನನಗೆ ಕ್ಯೋಟೋದ್ದೇ ಇಷ್ಟ, ಇಲ್ಲಿರೋದಕ್ಕೆ ಹಾಗನ್ನಿಸತ್ತೇನೋ. ಇನ್ನೊಂದು ವಿಷಯ ಅಂದ್ರೆ ಕಾಲ ಬರೋ ಮುಂಚೇನೇ ಸ್ವೀಟ್ ಬರ್ಬೇಕು, ಚೆರ್ರಿ ಪೂರ್ತಿ ಅರಳಿ ಬೀದಿಯೆಲ್ಲ ಗುಲಾಬಿ ಆದ್ಮೇಲೆ ಚೆರ್ರಿ ಆಕಾರದ ಸ್ವೀಟ್ ಕೊಟ್ರೆ ಸಪ್ಪೆ ಅಂತಾರೆ, ಮರದ ಮೇಲೇ ಇದೆಯಲ್ಲ, ತಟ್ಟೇಲಿ ಯಾಕೆ.

---

ಒಗ್ಗರಣೆ_ಡಬ್ಬಿ:

ವೆಜ್ ಪ್ರಶ್ನೆಗೆ ಯಾರೂ ಉತ್ತರ ಕೊಡ್ಲಿಲ್ಲ ನೋಡಿ 😀 ನಾನು ಮನೇಲಿ ನೆರಿಕಿರಿ ಮಾಡ್ತಿರ್ತೀನಿ ಅದಕ್ಕೇ ಹೇಳ್ತೀನಿ.

ಹೆಚ್ಚಿನ ಹಳೇ ಶೈಲಿ ಸ್ವೀಟಲ್ಲಿ ಹಾಲು ಬೆಣ್ಣೆ ಮೊಟ್ಟೆ ಯಾವುದೂ ಇರಲ್ಲ, ಕಾಳು, ಅಕ್ಕಿ, ಸಕ್ಕರೆ, ಕಡಲಪಾಚಿ ಇಷ್ಟರಲ್ಲೇ ಆಟ. ನಿಮ್ಮ ಮೀನಿನ ಜೆಲ್ಲಿ ಕಾಂಟೆನ್, ಅದೇ ಚೀನಾ ಗ್ರಾಸ್, ತೆಂಗುಸಾ ಅನ್ನೋ ಪಾಚಿ ಕುದಿಸಿ ತೆಗೆಯೋದು. ಕ್ಯೋಟೋ ಹತ್ರ ಫುಶಿಮಿಯ ಒಂದು ಛತ್ರದಲ್ಲಿ 17ನೇ ಶತಮಾನದಲ್ಲಿ ಉಳಿದ ಪಾಚಿ ಜೆಲ್ಲಿನ ಚಳೀಲಿ ಹೊರಗೆ ಎಸೆದಿದ್ರಂತೆ, ರಾತ್ರಿ ಹೆಪ್ಪುಗಟ್ಟಿ ಹಗಲು ಕರಗಿ ಒಣಗಿ ಹಗುರ ಆಗಿತ್ತು, ಮತ್ತೆ ಕುದಿಸಿದ್ರೆ ಪಾಚಿ ವಾಸನೇನೇ ಇಲ್ಲ, ಹೀಗೆ ಸಿಕ್ತು ಅಂತ ಕಥೆ. ತಮಾಷೆ ಅಂದ್ರೆ ಇವತ್ತಿನ ಯೋಕಾನ್, ಆ ಕಾಳಿನ ಗಟ್ಟಿ ಬರ್ಫಿ ಇದೆಯಲ್ಲ, ಮೂಲದಲ್ಲಿ ಚೀನಾದ ಕುರಿ ಮಾಂಸದ ಸಾರು! ಝೆನ್ ಸನ್ಯಾಸಿಗಳು ಮಾಂಸ ಮುಟ್ಟಲ್ವಲ್ಲ, ಅದಕ್ಕೆ ಮಾಂಸದ ಬದಲು ಕಾಳು ಹಿಟ್ಟು ಹಾಕಿ ಹಬೇಲಿ ಬೇಯ್ಸಿದ್ರು, ಆಮೇಲೆ ಸಕ್ಕರೆ ಬಂತು, ಆಮೇಲೆ ಕಾಂಟೆನ್ ಬಂತು, ಸಾರು ಹೋಗಿ ಸ್ವೀಟ್ ಆಯ್ತು.

ನೆರಿಕಿರಿ ಅಂದ್ರೆ ಬಿಳೀ ಕಾಳು ಬೇಯ್ಸಿ ಸಿಪ್ಪೆ ತೆಗೆದು ನುಣ್ಣಗೆ ಮಾಡಿ ಸಕ್ಕರೆ ಹಾಕಿ, ಬಾಣಲೇಲಿ ಕೈಗೆ ಅಂಟದ ಹದಕ್ಕೆ ತೊಳಸಿ, ಅದಕ್ಕೆ ಸಿಹಿ ಮೋಚಿ ಹಿಟ್ಟೋ ಒಂಥರಾ ಗೆಣಸೋ ಸೇರಿಸಿ ನಾದೋದು. ಬಿಸಿ ಇರುವಾಗ್ಲೇ ಚೂರು ಚೂರು ಕಿತ್ತು ಹರಡಿ ಆರಿಸಿ ಮತ್ತೆ ಒಟ್ಟು ಮಾಡಿ ನಾದ್ಬೇಕು, ಇದನ್ನ ತಪ್ಪಿಸಿದ್ರೆ ಆಕಾರ ಕೊಡುವಾಗ ಬಿರುಕು ಬಿಡತ್ತೆ. ಬಣ್ಣದ ಗುಟ್ಟು ಏನಂದ್ರೆ ಗುಲಾಬಿ ಉಂಡೆ ಮೇಲೆ ತೆಳ್ಳಗೆ ಬಿಳಿ ಹೊದಿಸಿ ಬೆರಳಲ್ಲಿ ತೀಡ್ತಾ ಹೋದ್ರೆ ಒಳಗಿನ ಬಣ್ಣ ನಿಧಾನಕ್ಕೆ ಮೇಲಕ್ಕೆ ಬರತ್ತೆ, ನಿಜವಾದ ದಳದ ಅಂಚಿನ ಥರ. ಗೆರೆ ಎಳೆಯಕ್ಕೆ ಮೂರು ಅಂಚಿನ ಮರದ ಕಡ್ಡಿ ಒಂದಿದ್ರೆ ಸಾಕು. ಕತ್ತರೀಲಿ ಕಚಕಚ ಅಂತ ಕತ್ತರಿಸಿ ಸೇವಂತಿಗೆ ದಳ ಎಬ್ಬಿಸೋರೂ ಇದಾರೆ, ಅದು ಕಸುಬಿನವರ ಕೈಗೇ ಸೈ.

ಹುಷಾರಾಗಿರಬೇಕಾದ್ದು ದೊರಾಯಾಕಿ (ಹೂರಣ ಇಟ್ಟ ಪ್ಯಾನ್‌ಕೇಕ್), ಕಾಸುತೆರಾ (ಸ್ಪಂಜ್ ಕೇಕ್), ಎರಡರಲ್ಲೂ ಮೊಟ್ಟೆ ಇದ್ದೇ ಇರತ್ತೆ. ಕಾಸುತೆರಾ ಪೋರ್ಚುಗೀಸರು ತಂದಿದ್ದು, ಹಂಗೇ ಕೊಂಪೇತೋ ಅನ್ನೋ ಮುಳ್ಳು ಮುಳ್ಳು ಸಕ್ಕರೆ ಕಾಳೂ ಅವರದ್ದೇ, ಲೂಯಿಸ್ ಫ್ರೋಯಿಸ್ ಅನ್ನೋ ಪಾದ್ರಿ 1569ರಲ್ಲಿ ಓದಾ ನೊಬುನಾಗಾ ಅನ್ನೋ ಯುದ್ಧನಾಯಕನಿಗೆ ಒಂದು ಶೀಶೆ ಕೊಟ್ಟಿದ್ರು, ಇದು ಮಾತ್ರ ಬರೀ ಸಕ್ಕರೆ, ನೀವು ತಿನ್ನಬಹುದು. ಸೂಪರ್ ಮಾರ್ಕೆಟ್ ಕಪ್ ಜೆಲ್ಲಿಗಳಲ್ಲಿ ಪ್ರಾಣಿಗಳಿಂದ ತೆಗೆಯೋ ಜೆಲಟಿನ್ ಇರಬಹುದು, ಪ್ಯಾಕೆಟ್ ಹಿಂದೆ ಫೋನ್ ಹಿಡಿದು ಟ್ರಾನ್ಸ್‌ಲೇಟ್ ಮಾಡ್ಕೊಳ್ಳಿ. ರುಚಿ ಒಂದೇ ಅಂದ್ರಲ್ಲ, ಮಾಚಾ, ಅಂದ್ರೆ ಹಸಿರು ಪುಡಿ ಚಹಾ, ಕುಡಿಯೋದಕ್ಕೆ ಮುಂಚೆ ಪೂರ್ತಿ ತಿಂದು ಮುಗಿಸ್ಬೇಕು, ಜೊತೆಜೊತೆಗಲ್ಲ. ಬಾಯಲ್ಲಿ ಉಳಿದ ಸಿಹಿ ಮೇಲೆ ಕಹಿ ಬಿದ್ದಾಗ ಇದು ಯಾಕೆ ಹೀಗಿದೆ ಅಂತ ಗೊತ್ತಾಗತ್ತೆ.

---

ಕಡ್ಲೆಪುರಿ:

ಅಯ್ಯೋ ಇಷ್ಟೊಂದು ಬರೀತೀರ ಅಂತ ಅಂದ್ಕೊಂಡಿರ್ಲಿಲ್ಲ, ಎಲ್ರಿಗೂ ಥ್ಯಾಂಕ್ಸ್. ಕೊನೇದಾಗಿ ಒಂದು, ಜುಲೈ ಮಧ್ಯದಲ್ಲಿ ಅದೇ ಆಫೀಸಿನವರು ಮನೆಗೆ ಊಟಕ್ಕೆ ಕರೆದಿದಾರೆ, ಅವರಮ್ಮನೂ ಇರ್ತಾರಂತೆ, ವಯಸ್ಸಾದವರು. ಸ್ವೀಟ್ ತಗೊಂಡ್ಹೋದ್ರೆ ಯಾವುದು, ಏನಾದ್ರೂ ಎಡವಟ್ಟಾಗೋ ಥರದ್ದು ಇದ್ರೆ ಮೊದ್ಲೇ ಹೇಳಿ.

---

ಪಡುಗಡಲು:

ನಾಲ್ಕು ಪೀಸಿನ ಬಾಕ್ಸ್ ತಗೊಳ್ಬೇಡಿ, ಜಪಾನಿ ಭಾಷೆಯಲ್ಲಿ ನಾಲ್ಕು ಅಂದ್ರೆ ಸಾವು ಅನ್ನುವ ಪದದ ಸದ್ದೇ ಬರ್ತದೆ ಅಂತ ಹಿರಿಯರಿಗೆ ಆಗುದಿಲ್ಲ. ಮೂರು ಅಥವಾ ಐದು ಒಳ್ಳೇದು.

---

ಮಳೆಬಿಲ್ಲು_ಕ್ಯೋಟೋ:

ವಯಸ್ಸಾದವರಿಗೆ ಮೋಚಿ ಮಾತ್ರ ಬೇಡ, ಗಂಟಲಿಗೆ ಸಿಕ್ಕಿಕೊಳ್ಳೋದು ಇಲ್ಲಿ ಪ್ರತಿ ಹೊಸ ವರ್ಷದ ಸುದ್ದಿ. ನೆರಿಕಿರಿ ತಗೊಂಡ್ರೆ ಅವತ್ತೇ ತಗೊಂಡು ಅವತ್ತೇ ಕೊಡ್ಬೇಕು, ಉಳಿಯಲ್ಲ, ಬಿಸಿಲಲ್ಲಿ ಟ್ರೇನಲ್ಲಿ ಹೋಗೋದಾದ್ರೆ ರಿಸ್ಕು. ಜುಲೈಗೆ ನಾನಾದ್ರೆ ಹಸಿ ಬಿದಿರಿನ ಕೊಳವೇಲಿ ತುಂಬಿದ ನೀರು ಯೋಕಾನ್ ತಗೊಂಡ್ಹೋಗ್ತೀನಿ, ಮೃದು, ತಂಪು, ನೋಡಕ್ಕೂ ಮಳೆಗಾಲ ಕಳೆದ ಬೇಸಿಗೆ. ಕೊಳವೆ ತಳಕ್ಕೆ ತೂತು ಹಾಕಕ್ಕೆ ಒಂದು ಚಿಕ್ಕ ಮೊಳೆನೂ ಜೊತೇಲಿ ಕೊಡ್ತಾರೆ, ತೂತು ಹಾಕಿದ್ರೆ ಗಾಳಿ ಒಳಗೆ ಹೋಗಿ ಯೋಕಾನ್ ತಟ್ಟೆಗೆ ಜಾರಿ ಬರತ್ತೆ, ಇಲ್ದಿದ್ರೆ ಎಷ್ಟು ಕುಲುಕಿದ್ರೂ ಬರಲ್ಲ, ಮೊಳೆ ಪ್ಯಾಕ್ ಮಾಡಿದಾರಾ ಅಂತ ಅಂಗಡೀಲೇ ನೋಡ್ಕೊಳ್ಳಿ.